ಬಿಟ್ಟುಬಿಟ್ಟ ನೊಣ

"ಬಾಟಲಿಯೊಳಗಿದ್ದದ್ದು ಎಲ್ಲಿ, ಸುಗಂಧಾ?"

"ದುಂಬಿ ಇತ್ರಿ ಸರ್. ಬಿಟ್ಟೆ."

ಕ್ಯಾಮೆರಾ ತರಲು ಹೋಗಿದ್ದ ಶ್ರೀಪಾಲ ದ್ರಾಕ್ಷಿ ಚಪ್ಪರದ ಕೆಳಗೆ ಹಾಗೇ ನಿಂತುಬಿಟ್ಟ.

೧೯೮೯ರ ಬೇಸಿಗೆ. ಅಥಣಿಯ ಕಾಲೇಜೊಂದರಲ್ಲಿ ಅವನು ಪ್ರಾಣಿಶಾಸ್ತ್ರದ ಲೆಕ್ಚರರ್, ಅವಳು ಲ್ಯಾಬಿನ ಡೆಮಾನ್‌ಸ್ಟ್ರೇಟರ್. ರಜೆಯಿಡೀ ಕಾಗವಾಡದ ಅವಳ ಕಾಕಾನ ತೋಟದಲ್ಲಿ ಇಬ್ಬರೂ ದುಂಬಿಯಂತೆ ಕಾಣುವ ಒಂದು ಬೇಟೆನೊಣವನ್ನು ಹುಡುಕುತ್ತಿದ್ದರು. ಅದೇ ಕರಿ-ಹಳದಿ ರೋಮ, ಅದೇ ಗುಂಯ್ ಸದ್ದು; ದುಂಬಿಗೆ ನಾಲ್ಕು ರೆಕ್ಕೆ, ಉದ್ದ ಮೀಸೆ, ನೊಣಕ್ಕೆ ಎರಡೇ ರೆಕ್ಕೆ, ಗಿಡ್ಡ ಮೀಸೆ. ಕೊಂದು ಸೂಜಿಗೆ ಚುಚ್ಚಲು ಜೈನರ ಮನೆಯ ಇಬ್ಬರಿಗೂ ಮನಸ್ಸಿಲ್ಲ. ಹಿಡಿದು, ಗುರುತಿಸಿ, ಫೋಟೋ ತೆಗೆದು ಬಿಡಬೇಕು. ಆ ಫೋಟೋ ಸಿಕ್ಕರೆ ಧಾರವಾಡದಲ್ಲಿ ಅವನಿಗೆ ಪಿಎಚ್‌ಡಿಯ ದಾರಿ ತೆರೆಯುತ್ತಿತ್ತು.

"ರೆಕ್ಕಿ ಎಷ್ಟಿದ್ವು?"

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ನಾಕು."

"ಮೀಸಿ?"

"ಉದ್ದ ಇದ್ವು. ದುಂಬಿ ಯಾವ್ದು, ನೊಣ ಯಾವ್ದು ನನಗ ಗೊತ್ತಾಗೂದಿಲ್ಲೇನ್ರಿ?"

ಅವನು ಹತ್ತಿರ ಬಂದು, ಜಾರಿದ ಕನ್ನಡಕದ ಮೇಲಿಂದ ಅವಳ ಕಣ್ಣನ್ನೇ ನೋಡಿದ. ಇಂಥ ನೋಟಕ್ಕೆ ಅವಳು ರಜೆಯಿಡೀ ಕಾದಿದ್ದಳು. ಸಿಕ್ಕಿದ್ದು ಇವತ್ತು, ಅದೂ ನೊಣದ ಸಲುವಾಗಿ.

"ನೀವು ಹಿಡಿಯೂಮುಂದ ನಾನೂ ನೋಡೇನಿ. ಕಾಲಾಗ ಜೇನುಹುಳ ಹಿಡಕೊಂಡು ಕೂತಿತ್ತು. ದುಂಬಿ ಜೇನುಹುಳ ತಿಂತೈತೇನು? ಯಾಕ ಸುಳ್ಳು ಹೇಳಾಕತ್ತೀರಿ?"

"ಅದು ಸಿಕ್ರ ನೀವು ಹೋಗ್ತೀರಿ, ಅದಕ್ಕ. ಮಾತೆತ್ತಿದ್ರ ರೆಕ್ಕಿ, ಮೀಸಿ. ನನ್ನ ನೋಡಾಕ ಮಿರಜದಿಂದ ಬರಾಕತ್ತಾರ ಅಂತ ಎಷ್ಟು ಸರ್ತಿ ಹೇಳಿದೆ. ನೀವು ಹಂಗೇನ್ರಿ ಅಂದು ಬಾಟಲಿ ಒರಸ್ಕೋತ ಕೂತ್ರಿ."

ಶ್ರೀಪಾಲ ಕೈಯಲ್ಲಿದ್ದ ಕ್ಯಾಮೆರಾ ಕೆಳಗಿಟ್ಟ.

"ನನ್ನ ನೌಕರಿ ಇನ್ನೂ ಪರ್ಮನೆಂಟ್ ಇಲ್ಲ. ಯಾವ ಮುಖ ಇಟ್ಕೊಂಡು ನಿಮ್ಮ ಅಪ್ಪಾರನ್ನ ಕೇಳ್ಲಿ? ಪಿಎಚ್‌ಡಿ ಸೀಟ್ ಸಿಕ್ರ ಕೇಳೂಣಂತ ಇದ್ದೆ. ಅದಕ್ಕ ಇಷ್ಟು ಬಡಕೊಂಡೆ ಆ ನೊಣಕ್ಕ."

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಮೊದಲ ಹೇಳಬಾರದೇನ್ರಿ?"

"ನೀವು ಬಿಡೂಮುಂದ ಕೇಳಬಾರದೇನ್ರಿ?"

ಇಬ್ಬರೂ ಮುಖ ತಿರುಗಿಸಿ ನಿಂತರು. ಆಚೆ ಸಾಲಿನಲ್ಲಿ ನೀರು ಹಾಯಿಸುತ್ತಿದ್ದ ಕಾಕಾ ಒಮ್ಮೆ ಕೆಮ್ಮಿದರು.

"ಮಿರಜದವರು ರವಿವಾರ ಬರ್ತಾರ," ಅವಳೇ ಕೊನೆಗೆ ಹೇಳಿದಳು. "ನೀವು ಶನಿವಾರನ ಬರ್ರಿ. ಬರಿಗೈಲೇ ಬರ್ರಿ."

"ಅಪ್ಪಾರು ಬೈದ್ರ?"

"ಬೈಸ್ಕೋರಿ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಬರ್ತೀನಿ. ನೀ ಬಾಗಲದಾಗ ಇರು."

ಮೊದಲ ಸಲ 'ನೀ' ಎಂದಿದ್ದ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ತಲೆಯಾಡಿಸಿದಳು.