ಅಪ್ಪನ ಹಕ್ಕಿ, ಅಪ್ಪನ ಕೆಮ್ಮು

"ಅಲ್ಲೇ ನಿಲ್ಲಿ! ಮೇಲೆ ಬರಬೇಡಿ!"

ತಾರಸಿಯ ಕೊನೆಯ ಮೆಟ್ಟಿಲಿಗೆ ಬಂದಿದ್ದ ಯುವಕ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟ. ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಸಿಂಚನಳ ಎರಡು ಕೈಯಲ್ಲೂ ಒಂದೊಂದು ಪಾರಿವಾಳ. ಕಣ್ಣಲ್ಲಿ ಮಾತ್ರ ಕೆಂಡ!

"ನಾನು ಅಂಪೈರ್ ರೀ. ಕ್ಲಬ್ಬಿನವರು ಕಳಿಸಿದ್ರು."

"ಗೊತ್ತು. ಯಾರ ಮಗ ಅಂತಾನೂ ಗೊತ್ತು."

ಹೊಸಕೋಟೆ ಕಡೆಯ ಪಾರಿವಾಳದ ಪಂದ್ಯ ನೋಡದವರಿಗೆ ಒಂದು ಮಾತು. ಬೆಳಿಗ್ಗೆ ಆರಕ್ಕೆ ಹಕ್ಕಿ ಬಿಡಬೇಕು. ಯಾರ ಹಕ್ಕಿ ಕೆಳಗಿಳಿಯದೆ ಹೆಚ್ಚು ಹೊತ್ತು ಹಾರುತ್ತದೋ ಅವರು ಗೆದ್ದರು. ಮೋಸ ಆಗಬಾರದೆಂದು ಬೇರೆ ಮನೆಯವರೊಬ್ಬರು ಬಂದು, ಹಕ್ಕಿ ಇಳಿಯುವವರೆಗೆ ಆ ತಾರಸಿಯ ಮೇಲೇ ಕೂರಬೇಕು. ಯಾರ ಮನೆಗೆ ಯಾರು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ.

ಸಿಂಚನಳ ಹಣೆಬರಹ ನೋಡಿ! ಅವಳ ಪಾಲಿಗೆ ಬಂದವನು ಸಮೇತನಹಳ್ಳಿ ಹನುಮಂತರಾಯಪ್ಪನ ಮಗ ವೇಣುಗೋಪಾಲ್.

ಆ ಹನುಮಂತರಾಯಪ್ಪನೂ ಸಿಂಚನಳ ಅಪ್ಪ ಗಂಗಣ್ಣನೂ ಒಂದು ಕಾಲಕ್ಕೆ ಒಂದೇ ತಟ್ಟೆಯಲ್ಲಿ ಉಂಡವರು. ಹದಿನಾರು ವರ್ಷದ ಹಿಂದೆ ಗಂಗಣ್ಣನ ಹಕ್ಕಿಯೊಂದು ದಾರಿ ತಪ್ಪಿ ಹನುಮಂತರಾಯಪ್ಪನ ಗೂಡಿಗೆ ಇಳಿಯಿತು. ಇಳಿದ ಹಕ್ಕಿ ಹಿಡಿದವನದ್ದು, ಅದು ಈ ಆಟದ ನ್ಯಾಯ. ಆದರೆ ಸ್ನೇಹಿತನ ಹಕ್ಕಿಯಾದರೆ ವಾಪಸ್ ಕೊಡುವುದು ಮರ್ಯಾದೆ. ಹನುಮಂತರಾಯಪ್ಪ ಕೊಡಲಿಲ್ಲ. ಅವತ್ತಿನಿಂದ ಎರಡೂ ಮನೆಗೆ ಎಣ್ಣೆ ಸೀಗೆಕಾಯಿ.

ಹೋದ ವರ್ಷ ಆಷಾಢದಲ್ಲಿ ಗಂಗಣ್ಣ ತೀರಿಕೊಂಡ. ಒಂದು ಬೀಡಿ ಸೇದದ ಮನುಷ್ಯ, ಕೆಮ್ಮಿ ಕೆಮ್ಮಿ, ಉಸಿರಿಗಾಗಿ ಬಾಯಿ ಬಾಯಿ ಬಿಟ್ಟು ಹೋದ. ಊರೆಲ್ಲ ಗೂರಲು ಅಂದಿತು. ಅವನು ಮಗಳಿಗೆ ಬಿಟ್ಟು ಹೋಗಿದ್ದು ನಲವತ್ತು ಹಕ್ಕಿ ಮತ್ತು ಆ ಹಕ್ಕಿಗಳ ಹುಚ್ಚು. ಸಿಂಚನ ಹೊಸಕೋಟೆಯ ಹೊರಗಿನ ಗೋಡೌನಿನಲ್ಲಿ ಪಾರ್ಸಲ್ ಸ್ಕ್ಯಾನ್ ಮಾಡುತ್ತಿದ್ದಳು. ಕೆಲಸಕ್ಕೆ ಮುಂಚೆ ಗೂಡು, ಬಂದ ಮೇಲೆ ಗೂಡು. 'ಗೂಡಲ್ಲಿ ನಿಂತರೆ ಅಪ್ಪ ಪಕ್ಕದಲ್ಲೇ ನಿಂತ ಹಾಗಿರುತ್ತೆ' ಎಂಬುದು ಅವಳು ಯಾರಿಗೂ ಹೇಳದ ಗುಟ್ಟು.

ಆರು ಗಂಟೆಗೆ ಸರಿಯಾಗಿ ಏಳು ಹಕ್ಕಿ ಬಿಟ್ಟಳು. ಅವು ಸುತ್ತು ಹಾಕುತ್ತ ಮೇಲೇರಿ, ಎಂಟರ ಹೊತ್ತಿಗೆ ಎಳ್ಳುಕಾಳಿನಷ್ಟಾದವು. ವೇಣು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಂಡಾಗಲೆಲ್ಲ ಹೊತ್ತು ಬರೆದುಕೊಂಡ. ಇಬ್ಬರ ನಡುವೆ ಮಾತಿಲ್ಲ. ಅವಳ ಕೆಮ್ಮು ಮಾತ್ರ ಬಿಡದೆ ಸದ್ದು ಮಾಡುತ್ತಿತ್ತು.

"ಎಷ್ಟು ದಿನದಿಂದ ಈ ಕೆಮ್ಮು?" ಕೊನೆಗೆ ಅವನೇ ಕೇಳಿದ.

"ನಿಮಗ್ಯಾಕೆ?"

"ಗೂಡು ಗುಡಿಸಿದ ದಿನ ಸಾಯಂಕಾಲ ಮೈ ಬಿಸಿ ಆಗುತ್ತಾ? ಎರಡು ದಿನ ಬೇರೆ ಊರಿಗೆ ಹೋದ್ರೆ ಕಮ್ಮಿ ಆಗುತ್ತಾ?"

ಸಿಂಚನ ತಟ್ಟನೆ ಅವನ ಕಡೆ ತಿರುಗಿದಳು. ಘಾಟಿಯ ಚಿಕ್ಕಮ್ಮನ ಮನೆಯಲ್ಲಿ ಮೂರು ದಿನ ಇದ್ದಾಗ ಕೆಮ್ಮೇ ಇರಲಿಲ್ಲ. ಇವನಿಗೆ ಹೇಗೆ ಗೊತ್ತು?!

"ನೀವು ಅಂಪೈರಾ, ಡಾಕ್ಟ್ರಾ?"

ವೇಣು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಅವತ್ತೇ ಹೇಳಿಬಿಟ್ಟಿದ್ದರೆ ಮುಂದಿನ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಮಧ್ಯಾಹ್ನ ಅವಳ ತಾಯಿ ಮುನಿವೆಂಕಟಮ್ಮ ಮುದ್ದೆ, ಬಸ್ಸಾರು ತಂದಿಟ್ಟು, "ವೈರಿ ಮಗನಾದ್ರೂ ಹಸ್ಕೊಂಡಿರಬಾರ್ದು, ಉಣ್ಣಪ್ಪ" ಅಂದಳು. ಅವನು ಮೊದಲ ತುತ್ತು ನುಂಗುವಷ್ಟರಲ್ಲಿ ಗಿಡುಗ ಬಂತು! ಇಬ್ಬರೂ ಎದ್ದು ನಿಂತರು. ಹಕ್ಕಿಗಳು ಚೆದುರಿದವು, ಬಾಗಿದವು, ಮತ್ತೆ ಒಂದಾದವು. ಗಿಡುಗ ಸೋತು ಕೆರೆಯ ಕಡೆ ಹೋಯಿತು.

"ತಪ್ಪಿಸ್ಕೊಂಡ್ವು! ಏಳೂ ತಪ್ಪಿಸ್ಕೊಂಡ್ವು!" ಮುದ್ದೆ ಮೆತ್ತಿದ ಕೈಯಲ್ಲೇ ವೇಣು ಕುಣಿದ.

ಸಿಂಚನ ಅವನನ್ನೇ ನೋಡಿದಳು. ಅಪ್ಪನೂ ಹೀಗೇ ಕುಣಿಯುತ್ತಿದ್ದ.

"ನಿಮಗೂ ಈ ಹುಚ್ಚಿದೆ."

"ನಮ್ಮಪ್ಪನಿಂದ ಬಂದಿದ್ದು. ಬೇಡ ಅಂದ್ರೂ ಬಿಡಲ್ಲ" ಎಂದು ನಕ್ಕ. ಆ ನಗು ಪೂರ್ತಿ ಆಗಲಿಲ್ಲ.

ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಹಕ್ಕಿಗಳು ಇಳಿದವು. ಒಂದು ನಿಮಿಷವನ್ನೂ ನುಂಗದೆ ಅವನು ಬರೆದುಕೊಟ್ಟ. ಸಿಂಚನ ಫೈನಲ್‌ಗೆ ಬಂದಳು. ಮನಸ್ಸೂ ಅವತ್ತೇ ಒಂದು ಮೆಟ್ಟಿಲು ಇಳಿಯಿತು.

ಆಮೇಲೆ ಫೋನು, ಮೆಸೇಜು, ಕೆರೆ ಏರಿಯ ಮೇಲೆ ಚಹಾ. 'ನೀವು' ಹೋಗಿ 'ನೀನು' ಬಂತು. ಎಲ್ಲ ಪ್ರೇಮಿಗಳಂತೆ ಇವರೂ ಜಗಳವಾಡಿದರು. ಆದರೆ ಜಗಳಕ್ಕೆ ಕಾರಣ ಒಂದೇ.

"ಆಸ್ಪತ್ರೆಗೆ ಹೋಗೋಣ ಸಿಂಚು. ಹಕ್ಕಿ ಸಹವಾಸ ಸ್ವಲ್ಪ ದಿನ ಬಿಡು."

"ಹಕ್ಕಿ ಬಿಡು ಅಂದ್ರೆ ಅಪ್ಪನ್ನ ಬಿಡು ಅಂದಂಗೆ. ಇನ್ನೊಂದ್ಸಲ ಆ ಮಾತಾಡಿದ್ರೆ ನಿನ್ನನ್ನೇ ಬಿಡ್ತೀನಿ!"

ಅವನು ಸುಮ್ಮನಾಗುತ್ತಿದ್ದ. ಸುಮ್ಮನಿರುವುದು ಆ ಮನೆಯವರಿಗೆ ರೂಢಿಯಾಗಿತ್ತು.

ಫೈನಲ್ ದಿನ ಬೆಳಿಗ್ಗೆ ಹಕ್ಕಿ ಹಿಡಿಯಲು ಗೂಡಿನೊಳಗೆ ಬಗ್ಗಿದ ಸಿಂಚನ ಮೇಲೇಳಲಿಲ್ಲ. ತುಟಿ ನೀಲಿಯಾಗಿತ್ತು. ಮುನಿವೆಂಕಟಮ್ಮನ ಕೂಗಿಗೆ ಬೀದಿಯೇ ಓಡಿಬಂತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ಕನ್ನಡಕ ತೆಗೆದಿಟ್ಟರು. "ಇದು ಗೂರಲಲ್ಲಮ್ಮ. ಹಕ್ಕಿ ಹಿಕ್ಕೆ, ಪುಕ್ಕದ ಧೂಳು ಕೆಲವರ ಮೈಗೆ ಆಗಲ್ಲ. ಶ್ವಾಸಕೋಶ ಗಾಯ ಆಗಿ ಗಟ್ಟಿಯಾಗ್ತಾ ಹೋಗುತ್ತೆ. ಈಗಲೇ ಬಿಟ್ರೆ ಉಳ್ಕೋತೀರಿ. ಇನ್ನೂ ಒಂದು ವರ್ಷ ಹಿಂಗೇ ಆದ್ರೆ ನನ್ನ ಕೈಲಿ ಏನೂ ಇರಲ್ಲ."

"ಮಾಸ್ಕ್ ಹಾಕ್ಕೊಂಡ್ರೆ ಆಗಲ್ವಾ ಸಾರ್?"

"ನಿಮ್ಮ ತಂದೆ ಹೆಂಗೆ ಹೋದ್ರು?"

ಸಿಂಚನ ಗೋಡೆ ಕಡೆ ಮುಖ ತಿರುಗಿಸಿದಳು. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಮ್ಮುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದ. ಅಷ್ಟು ಪ್ರೀತಿಯಿಂದ ಕಾಳು ಹಾಕಿದ ಹಕ್ಕಿಗಳೇ ಅವನನ್ನು ತಿಂದವಾ?! ಆದರೂ ಬಿಡುತ್ತೇನೆ ಅನ್ನುವ ಮಾತು ಅವಳ ಬಾಯಿಂದ ಬರಲಿಲ್ಲ.

ಎಂಟನೆಯ ದಿನ ಮನೆಗೆ ಬಂದವಳೇ ತಾರಸಿಗೆ ಹತ್ತಿದಳು. ಗೂಡಿನ ಬಾಗಿಲು ತೆರೆದಿತ್ತು. ಒಳಗೆ ಒಂದು ಹಕ್ಕಿಯೂ ಇರಲಿಲ್ಲ. ನೆಲವನ್ನು ನೀರು ಹಾಕಿ ತೊಳೆದಿದ್ದರು.

"ಅಮ್ಮಾ! ಹಕ್ಕಿ ಎಲ್ಲಿ?!"

ಮುನಿವೆಂಕಟಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ವೇಣು ಟೆಂಪೋ ತಂದಿದ್ದ... ನಾನೇ ತಗೊಂಡ್ಹೋಗು ಅಂದೆ. ಗಂಡನ್ನ ಕಳ್ಕೊಂಡೆ. ನಿನ್ನನ್ನೂ ಕಳ್ಕೊಳ್ಳಲಾ?"

ಸಿಂಚನಳಿಗೆ ಮೊದಲ ಅರ್ಧ ಮಾತ್ರ ಕೇಳಿಸಿತು. ಅವನಪ್ಪ ಒಂದು ಹಕ್ಕಿ ಕಸಿದುಕೊಂಡ, ಮಗ ಎಲ್ಲವನ್ನೂ ಗುಡಿಸಿಕೊಂಡು ಹೋದ! ಪ್ರೀತಿ ಗೀತಿ ಎಲ್ಲ ಇದಕ್ಕೇನಾ? ಅದೇ ಸಿಟ್ಟಿನಲ್ಲಿ ಆಟೋ ಹಿಡಿದು ಸಮೇತನಹಳ್ಳಿಗೆ ಹೋದಳು.

ಮನೆ ಮುಂದೆ ಇಳಿದವಳು ತಲೆ ಎತ್ತಿ ನೋಡಿದಳು. ಆ ತಾರಸಿಯಲ್ಲೂ ಗೂಡಿರಲಿಲ್ಲ. ಹಲಗೆ, ಜಾಲರಿ ಎಲ್ಲ ಕಿತ್ತು ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ್ದರು.

"ನನ್ನ ಹಕ್ಕಿ ಎಲ್ಲೋ ಕಳ್ಳಾ?" ಬಾಗಿಲಲ್ಲೇ ಕೂಗಿದಳು. ಕೂಗಿದ್ದಕ್ಕೆ ಕೆಮ್ಮು ಬಂತು.

ವೇಣು ಓಡಿಬಂದ. "ಜಡಿಗೇನಹಳ್ಳೀಲಿ, ನಮ್ಮ ಕ್ಲಬ್ಬಿನ ಸಿದ್ದರಾಜಣ್ಣನ ತೋಟದಲ್ಲಿವೆ. ನಿನ್ನವೂ, ನಮ್ಮವೂ."

"ನನ್ನ ಕೇಳಬೇಕಿತ್ತು!"

"ಹೌದು, ಕೇಳಬೇಕಿತ್ತು. ಕೇಳಿದ್ರೆ ಕೊಡಲ್ಲ ಅಂತ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ. ತಪ್ಪು ನಂದೇ."

"ಒಳಕ್ಕೆ ಕರ್ಕೊಂಡು ಬಾ ಅವಳನ್ನ..." ಒಳಗಿಂದ ಒಂದು ಸಣ್ಣ ದನಿ ಬಂತು.

ನಡುಮನೆಯ ಮಂಚದ ಮೇಲೆ ಹನುಮಂತರಾಯಪ್ಪ ದಿಂಬಿಗೊರಗಿ ಕೂತಿದ್ದ. ಮೂಗಿಗೆ ನಳಿಕೆ. ಪಕ್ಕದಲ್ಲಿ ಆಕ್ಸಿಜನ್ ಯಂತ್ರ ಗುರ್ ಎನ್ನುತ್ತಿತ್ತು. ಅಪ್ಪನ ವೈರಿ ಎಂದರೆ ಆಳೆತ್ತರದ ಗಂಡಸು ಅಂದುಕೊಂಡಿದ್ದವಳಿಗೆ ಅಲ್ಲಿ ಸಿಕ್ಕಿದ್ದು ಮೂಳೆ ಚಕ್ಕಳದ ಮುದುಕ.

"ನಿಮ್ಮಪ್ಪಂಗಿದ್ದಿದ್ದೂ ಇದೇ ಕಾಯಿಲೆ ಕಣಮ್ಮ." ಅವನು ಒಂದೊಂದು ಮಾತಿಗೂ ಉಸಿರು ಹುಡುಕಿದ. "ನಂಗೆ ಮೂರು ವರ್ಷದ ಹಿಂದೆನೇ ಡಾಕ್ಟ್ರು ಹೇಳಿದ್ರು, ಹಕ್ಕಿ ಧೂಳಿಂದ ಅಂತ. ಅದೇ ತಿಂಗಳು ಕ್ಲಬ್ಬಲ್ಲಿ ಗಂಗಣ್ಣ ಕೆಮ್ಮಿದ್ದು ಕೇಳಿಸ್ಕೊಂಡೆ. ನನ್ನ ಕೆಮ್ಮೇ ಅದು. ಎದ್ದು ಹೋಗಿ ಒಂದು ಮಾತು ಹೇಳಿದ್ರೆ ಅವನು ಬದುಕ್ತಿದ್ನೋ ಏನೋ. ಹೇಳ್ಲಿಲ್ಲ. ಅವನೇ ಮೊದಲು ಮಾತಾಡಿಸ್ಲಿ ಅಂತ ಕೂತೆ. ಹಾಳು ಹಠ..."

ಸಿಂಚನ ಮಂಚದಿಂದ ಹಿಂದೆ ಸರಿದಳು. ವೇಣುವಿನ ಕಡೆ ತಿರುಗಿದಳು.

"ನಿಂಗೂ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು. ಅಪ್ಪಂಗೆ ಹೆದರಿ ಬಾಯಿ ಬಿಡ್ಲಿಲ್ಲ. ನಿಮ್ಮಪ್ಪನ ಮಣ್ಣಿಗೆ ಬಂದು ದೂರ ನಿಂತಿದ್ದೆ. ನೀನು ಅಳ್ತಿದ್ದಿದ್ದು ನೋಡ್ದೆ. ನಿನ್ನ ತಾರಸೀಲಿ ಅದೇ ಕೆಮ್ಮು ಕೇಳಿದಾಗ... ಪೂರ್ತಿ ಹೇಳಿದ್ರೆ ನಿನ್ನನ್ನ ಕಳ್ಕೋತೀನಿ ಅಂತ ಅರ್ಧ ಹೇಳ್ದೆ."

ಅವಳ ಕೈ ಮೇಲೆದ್ದಿತು. ಅವನು ಕದಲಲಿಲ್ಲ. ಕೈ ತಾನಾಗಿಯೇ ಇಳಿಯಿತು. ಹೊಡೆಯುವಷ್ಟು ಉಸಿರೂ ಅವಳಲ್ಲಿ ಉಳಿದಿರಲಿಲ್ಲ.

"ಹಕ್ಕಿ ಬೇಕಾದ್ರೆ ಈಗಲೇ ವಾಪಸ್ ತಂದ್ಕೊಡ್ತೀನಿ," ಎಂದ ವೇಣು. "ನಿನ್ನ ಹಕ್ಕಿ, ನಿನ್ನ ಜೀವ. ನೀನು ಹೇಳ್ದಂಗೆ."

ಸಿಂಚನ ಹೊಸ್ತಿಲು ದಾಟಿ ಹೊರಟುಹೋದಳು.

ಒಂದು ತಿಂಗಳು. ಅವಳು ಫೋನ್ ಎತ್ತಲಿಲ್ಲ. ಮಾತ್ರೆ ನುಂಗಿದಳು, ಕೆಲಸಕ್ಕೆ ಹೋದಳು. ಕೆಮ್ಮು ನಿಜಕ್ಕೂ ಕಡಿಮೆಯಾಯಿತು. ಅದು ಕಡಿಮೆಯಾದಷ್ಟೂ ಅವಳ ದುಃಖ ಜಾಸ್ತಿಯಾಯಿತು. ಹಕ್ಕಿ ಹೋದ ಮೇಲೆ ತಾನು ಚೇತರಿಸಿಕೊಳ್ಳುತ್ತಿದ್ದೇನೆಂದರೆ ಡಾಕ್ಟರ ಮಾತು ಸತ್ಯ. ಹಾಗಾದರೆ ಅಪ್ಪನೂ ಉಳಿಯಬಹುದಿತ್ತು. ಯಾರಾದರೂ ಒಂದು ಮಾತು ಹೇಳಿದ್ದರೆ!

ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಮೇಲೆ ರೆಕ್ಕೆ ಬಡಿದ ಸದ್ದಾಯಿತು. ತಾರಸಿಯ ಅಂಚಿನಲ್ಲಿ ಬೂದು ಬಣ್ಣದ ಮುದಿ ಹೆಣ್ಣು ಹಕ್ಕಿ. ತಾಯಿ ಸತ್ತ ಮರಿಯೆಂದು ಅಪ್ಪ ತನ್ನ ಬಾಯಿಂದಲೇ ಕಾಳು ಕೊಟ್ಟು ಬೆಳೆಸಿದ್ದು. ಜಡಿಗೇನಹಳ್ಳಿಯಿಂದ ತಪ್ಪಿಸಿಕೊಂಡು ಮನೆ ಹುಡುಕಿಕೊಂಡು ಬಂದಿತ್ತು. ಗೂಡಿನಲ್ಲಿ ಯಾರನ್ನೂ ಕಾಣದೆ ಅತ್ತ ಇತ್ತ ಓಡಾಡಿ, ಕತ್ತು ಓರೆ ಮಾಡಿ ಕೆಳಗೆ ಅವಳನ್ನು ನೋಡಿತು.

ಸಿಂಚನಳ ಕಾಲು ಮೆಟ್ಟಿಲವರೆಗೆ ಹೋಯಿತು. ಒಂದು ಸೀಟಿ ಹೊಡೆದರೆ ಸಾಕು, ಹೆಗಲ ಮೇಲೆ ಬಂದು ಕೂರುತ್ತದೆ! ಒಂದೇ ಒಂದು ಸಲ... ಒಂದೇ ಹಕ್ಕಿ... ಅದರಿಂದ ಏನಾಗಿಬಿಡುತ್ತದೆ?

'ಅಪ್ಪನೂ ಹೀಗೇ ಅಂದುಕೊಳ್ಳುತ್ತಿದ್ದನೇನೋ.'

ಬಿಕ್ಕುತ್ತಲೇ ಫೋನ್ ತೆಗೆದಳು.

"ವೇಣು, ಹಕ್ಕಿ ಬಂದಿದೆ. ಅಪ್ಪ ಸಾಕಿದ್ದು. ನನ್ನ ಕೈಲಿ ತಡ್ಕೊಳ್ಳಕ್ಕೆ ಆಗ್ತಿಲ್ಲ. ಬೇಗ ಬಂದು ತಗೊಂಡ್ಹೋಗು."

ಇಪ್ಪತ್ತು ನಿಮಿಷದಲ್ಲಿ ಬೈಕು ಬಂತು. ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೇಲೆ ಹತ್ತಿ, ಹಕ್ಕಿಯನ್ನು ಹಿಡಿದು ರಟ್ಟಿನ ಡಬ್ಬಕ್ಕೆ ಹಾಕಿದ. ಡಬ್ಬವನ್ನು ಗೇಟಿನಾಚೆ ಬೈಕಿಗೆ ಕಟ್ಟಿ, ಕೈ ಮುಖ ತೊಳೆದು, ಮೇಲಂಗಿ ಬಿಚ್ಚಿ ಹೊರಗೇ ಬಿಟ್ಟು, ಬನಿಯನ್ನಿನಲ್ಲಿ ಬಂದು ದೂರ ನಿಂತ.

"ಹತ್ತಿರ ಬಾ," ಎಂದಳು ಸಿಂಚನ.

ಬಂದ. ಅವಳು ಅವನ ಎದೆಗೆ ಹಣೆ ಒತ್ತಿ ಅತ್ತಳು. ಅಪ್ಪ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

"ನಿಮ್ಮಪ್ಪನ್ನ ಕ್ಷಮಿಸಕ್ಕೆ ನಂಗೆ ಆಗಲ್ಲ ವೇಣು."

"ಕ್ಷಮಿಸು ಅಂತ ಕೇಳಲ್ಲ."

"ನಿನ್ನ ಮೇಲಿನ ಸಿಟ್ಟೂ ಹೋಗಿಲ್ಲ."

"ಇರಲಿ. ಮದುವೆ ಆಗಿ ಸಿಟ್ಟು ಮಾಡ್ಕೋ. ನೀನಿಲ್ದೆ ನನ್ನ ಕೈಲಿ ಆಗಲ್ಲ ಸಿಂಚು."

ಅವಳು ಕಣ್ಣೊರೆಸಿಕೊಂಡು ಗೇಟಿನ ಕಡೆ ನೋಡಿದಳು. ಡಬ್ಬದೊಳಗಿಂದ ಗುಟುರು ಕೇಳುತ್ತಿತ್ತು.

"ನಮ್ಮಪ್ಪ ನಂಗೆ ಕಲಿಸಿದ್ದು ಇದೊಂದೇ. ನಾಳೆ ನಮ್ಮ ಮಕ್ಕಳಿಗೆ ಏನು ಕಲಿಸ್ತೀಯಾ?"

ವೇಣು ಅವಳ ಕೈ ಹಿಡಿದ.

"ಗೊತ್ತಿರೋದನ್ನ ಬಾಯಿ ಬಿಟ್ಟು ಹೇಳೋದು ಕಲಿಸ್ತೀನಿ."

"ಮೊದಲು ನೀನು ಕಲಿ," ಎಂದಳು ಸಿಂಚನ, ಅವನ ಕೈ ಬಿಡದೆ.