ಡಾಕ್ಟರಿಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ

"ರೀ, ಸ್ವಲ್ಪ ಬೇಗ!"

"ಬೀಗದೊಳಗೆ ಕೀಲಿ ಮುರಿದಿದೆ ಮೇಡಂ. ಎರಡು ನಿಮಿಷ ಕೊಡಿ."

"ಎರಡು ನಿಮಿಷ ಇಲ್ಲ ನನ್ನ ಹತ್ರ!"

ತನ್ನ ಟೈಲರ್ ಅಂಗಡಿಯ ಹಿಂದಿದ್ದ ಶೌಚಾಲಯದ ಬಾಗಿಲ ಮುಂದೆ ಅವಳು ಒಂದೇ ಕಾಲಲ್ಲಿ ಕುಣಿಯುತ್ತಿದ್ದಳು. ಎದುರು ಅಂಗಡಿಯ ಬೀಗದವನು ನಗು ತಡೆದುಕೊಂಡು ಕಡ್ಡಿ ತಿರುಗಿಸುತ್ತಿದ್ದ. ಬಾಗಿಲು ತೆರೆದದ್ದೇ ತಡ, ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಓಡಿದಳು!

ಹೊರಗೆ ಬಂದಾಗ ಅವನಿನ್ನೂ ಅಲ್ಲೇ ನಿಂತಿದ್ದ.

"ಥ್ಯಾಂಕ್ಸ್ ಅಂತ ಹೇಳೋ ಪದ್ಧತಿ ಇದೆ ಮೇಡಂ."

ಕೆನ್ನೆ ಕೆಂಪಾಯಿತು. ಇಬ್ಬರೂ ಒಟ್ಟಿಗೆ ನಕ್ಕರು.

ಎರಡೂವರೆ ವರ್ಷದ ಹಿಂದೆ ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡು ಗೆದ್ದು ಬಂದವಳು ಅವಳು. ಅಂದಿನಿಂದ ಮೂತ್ರ ಬಂದರೆ ತಡೆಯಲು ಆಗುತ್ತಿರಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ. ಹೇಳುವುದಾದರೂ ಹೇಗೆ?

ಆಮೇಲೆ ಅವನ ಷರ್ಟಿನ ಗುಂಡಿಗಳು ವಾರಕ್ಕೊಮ್ಮೆ ಕಿತ್ತುಬರತೊಡಗಿದವು. ಮೂರು ತಿಂಗಳಲ್ಲಿ ಅವನಿಲ್ಲದ ಮಧ್ಯಾಹ್ನ ಅವಳಿಗೆ ಸಪ್ಪೆ ಎನಿಸಿತು.

"ಭಾನುವಾರ ನಮ್ಮನೆಗೆ ಬರ್ತೀರಾ? ಅಮ್ಮ ನಿಮ್ಮನ್ನ ನೋಡ್ಬೇಕಂತೆ."

ಎದೆ ಹಗುರಾಯಿತು. ಹ್ಞೂಂ ಎಂದಳು.

ಆದರೆ ಶುಕ್ರವಾರ ಬೆಳಿಗ್ಗೆ... ಮೂತ್ರ ಮಾಡುವಾಗ ಉರಿ. ಕೆಳಗೆ ನೋಡಿದರೆ ಕೆಂಪು!

'ಮತ್ತೆ ಬಂತಾ? ನನ್ನ ಜೊತೆ ಅವರನ್ನೂ ಯಾಕೆ ಆಸ್ಪತ್ರೆಗೆ ಅಲೆಸಲಿ?'

ಅವನಿಗೆ ಮೆಸೇಜ್ ಹಾಕಿದಳು: "ಭಾನುವಾರ ಬರಲ್ಲ. ಇನ್ಮೇಲೆ ಅಂಗಡಿಗೂ ಬರಬೇಡಿ."

ಹತ್ತು ದಿನ ಅವನೂ ಬರಲಿಲ್ಲ. ಹನ್ನೊಂದನೇ ದಿನ ಬಚ್ಚಲಿನಲ್ಲಿ ಕಲೆಯಾದ ಬಟ್ಟೆ ಅವಳ ಅಕ್ಕನ ಕಣ್ಣಿಗೆ ಬಿತ್ತು. ಅಕ್ಕ ಕೆದಕಿ ಕೇಳಿ ಎಲ್ಲವನ್ನೂ ಬಾಯಿಬಿಡಿಸಿದಳು.

"ಡಾಕ್ಟರಿಗೂ ಹೇಳಿಲ್ಲ, ಅವನಿಗೂ ಹೇಳಿಲ್ಲ! ಇನ್ಯಾರಿಗೆ ಹೇಳ್ತೀಯ, ಹೊಲಿಗೆ ಮೆಷಿನ್‌ಗಾ?"

ಅವಳು ಅತ್ತು ಮುಗಿಸಿ, ಮುಖ ತೊಳೆದು, ನೇರ ರಸ್ತೆ ದಾಟಿ ಅವನ ಅಂಗಡಿಗೆ ಹೋದಳು. ಅವನು ತಲೆಯೆತ್ತದೆ ಅರದಿಂದ ಕೀಲಿ ಉಜ್ಜುತ್ತಿದ್ದ.

"ಬೀಗ ರಿಪೇರಿಯವನು ನಿಮಗೆ ಸಾಲಲ್ಲ ಅಂತ ಅರ್ಥ ಆಯ್ತು ಬಿಡಿ."

"ಅಯ್ಯೋ, ಅದಲ್ಲ ರೀ! ನಂಗೆ ಕ್ಯಾನ್ಸರ್ ಆಗಿತ್ತು. ಮೂತ್ರಕೋಶದಲ್ಲಿ. ಈಗ ಮತ್ತೆ ರಕ್ತ ಹೋಗ್ತಿದೆ. ಭಯ ಆಗ್ತಿದೆ..."

ಅವನ ಕೈಯಿಂದ ಅರ ಜಾರಿತು. ಎದ್ದು ಶಟರ್ ಎಳೆದ.

"ಎಲ್ಲಿಗೆ?"

"ಆಸ್ಪತ್ರೆಗೆ. ಬೈಯೋದನ್ನ ದಾರಿಯಲ್ಲಿ ಬೈತೀನಿ."

ಪರೀಕ್ಷೆಯಲ್ಲಿ ಸೋಂಕು ಕಂಡಿತು. ಆದರೂ ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. "ರಕ್ತಕ್ಕೆ ಇದೊಂದೇ ಕಾರಣ ಅಂತ ಈಗಲೇ ಹೇಳಲ್ಲ. ಮಾತ್ರೆ ತಗೊಳ್ಳಿ. ಸೋಂಕು ವಾಸಿಯಾದ ಮೇಲೆ ಕ್ಯಾಮೆರಾ ಹಾಕಿ ಒಳಗೆ ನೋಡೋಣ."

ಕಾಯುವ ಆ ದಿನಗಳಲ್ಲಿ ಅವನು ಮಾತ್ರೆಯ ಹೊತ್ತಿಗೆ ತಪ್ಪದೆ ಬಂದು, ಅವಳು ನುಂಗುವವರೆಗೂ ನಿಂತಿರುತ್ತಿದ್ದ.

ಕ್ಯಾಮೆರಾ ಹಾಕಿದ ದಿನ ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು.

"ಗಡ್ಡೆ ಇಲ್ಲ. ಒಳಗೆಲ್ಲ ಚೆನ್ನಾಗಿದೆ. ಆದ್ರೆ ಇನ್ನೊಂದ್ಸಲ ರಕ್ತ ಕಂಡ್ರೆ ಅವತ್ತೇ ಬರಬೇಕು. ಹತ್ತು ದಿನ ಮುಚ್ಚಿಟ್ಕೊಂಡ್ರೆ ನಾನು ಸುಮ್ಮನಿರಲ್ಲ!"

"ಹಾಗಾದ್ರೆ ಮದುವೆ ಆಗಬಹುದಾ ಡಾಕ್ಟ್ರೇ?" ಅವನು ಆತುರದಲ್ಲಿ ಕೇಳಿಯೇಬಿಟ್ಟ.

"ನನ್ನನ್ನ ಕೇಳ್ತೀರಲ್ಲಪ್ಪ, ಅವರನ್ನ ಕೇಳಿ!"

ಹೊರಗಿನ ಬೆಂಚಿನ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಮುಂದೆ ಯಾವತ್ತಾದ್ರೂ ಮತ್ತೆ ಬಂದ್ರೆ...?"

"ಬಂದ್ರೆ ಇಬ್ಬರೂ ಬಂದು ತೋರಿಸೋಣ. ಅಷ್ಟೇ. ನಂಗೆ ಕೋಪ ಬಂದಿದ್ದು ಕಾಯಿಲೆ ಮೇಲಲ್ಲ, ನೀವು ಹೇಳದೇ ಇದ್ದಿದ್ದಕ್ಕೆ. ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ..."

ಅವನ ಮುಖ ಬಾಡಿತು.

"ನೀವಂದ್ರೆ ನಂಗೆ ಪ್ರಾಣ."

"ಅಷ್ಟೇನಾ! ಅದನ್ನ ನಿಮ್ಮಕ್ಕ ಮೊನ್ನೇನೇ ಹೇಳಿದ್ರು."

"ಅಕ್ಕಾ...!" ಅವಳು ಮುಖ ಮುಚ್ಚಿಕೊಂಡಳು.

ಅವನು ಆ ಕೈಗಳನ್ನು ಮೆಲ್ಲಗೆ ಬಿಡಿಸಿ ಹಿಡಿದುಕೊಂಡ.

"ಆದ್ರೂ ನಿಮ್ಮ ಬಾಯಲ್ಲಿ ಇನ್ನೊಂದ್ಸಲ ಕೇಳ್ಬೇಕು."

ಅವಳು ಹೇಳಿದಳು. ಈ ಸಲ ಅವನ ಕಣ್ಣು ನೋಡುತ್ತಾ, ನಿಧಾನವಾಗಿ.