ಹಿತ್ತಲಿನ ಬೇರೆ ಬಾಗಿಲು

"ಈ ಮನೆ ಸೋರ್ತದೇನ್ರಿ?"

ಮೀನಾಕ್ಷಿ ಬೆಚ್ಚಿ ತಿರುಗಿದಳು. ಹಿತ್ತಲ ಬಾಗಿಲಲ್ಲಿ ಎತ್ತರದ ಯುವಕನೊಬ್ಬ ಅಳತೆಯ ಟೇಪು ಹಿಡಿದು ನಿಂತಿದ್ದ. ತನ್ನನ್ನು ಈ ಮನೆಯ ಒಡತಿ ಎಂದುಕೊಂಡಿದ್ದಾನೆ ಎಂಬುದು ಅವಳಿಗೆ ತಕ್ಷಣ ಹೊಳೆಯಿತು.

ಅಯ್ಯೋ... ಇವನೂ ಮನೆ ಕೊಳ್ಳಲು ಬಂದವನೇ!

"ಸೋರ್ತದೆ," ಎಂದಳು ಗಂಭೀರವಾಗಿ. "ಮಳೆಗಾಲದಾಗೆ ಪಾತ್ರೆ ಇಟ್ಕಂಡೇ ಮಲಗ್ಬೇಕು. ಹಿತ್ತಲಿಗೆ ಹಾವೂ ಬರ್ತವೆ."

ಅವನು ತಲೆಯೆತ್ತಿ ಒಂದು ಕಲೆಯೂ ಇಲ್ಲದ ಸೂರನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಅಷ್ಟು ಕೆಟ್ಟ ಮನೆ ಗೋಡೇನ ಆಗ್ಲಿಂದ ಯಾಕ್ರಿ ಸವರ್ತಾ ನಿಂತೀರಿ?"

ಮೀನಾಕ್ಷಿಯ ಮುಖ ಕೆಂಪಾಯಿತು. ಅಷ್ಟರಲ್ಲಿ ನಿಜವಾದ ಒಡತಿ, ನಿವೃತ್ತ ನರ್ಸ್ ಏಕಾಂತಮ್ಮ, ಅಡುಗೆಮನೆಯಿಂದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ ಹೊರಬಂದರು. ದಾವಣಗೆರೆಯ ಅಕ್ಕನ ಮನೆಗೆ ಹೋಗಿ ಇರಬೇಕೆಂದು ಮನೆ ಮಾರಲು ಹೊರಟಿದ್ದ ಅವರಿಗೆ ಇಂಥ ಮೋಜು ಸಿಕ್ಕಿ ಎಷ್ಟು ಕಾಲವಾಗಿತ್ತೋ.

ಅದು 2003ರ ಬೇಸಿಗೆ. ಚಿತ್ರದುರ್ಗದ ಅಂಚಿನ ಆ ಬಡಾವಣೆಯಲ್ಲಿ ಮಧ್ಯಾಹ್ನವಾದರೆ ಕುಕ್ಕರಿನ ಸೀಟಿ ಬಿಟ್ಟು ಬೇರೆ ಸದ್ದಿರಲಿಲ್ಲ. ಅಷ್ಟು ಶಾಂತವಾದ ರಸ್ತೆಯಲ್ಲಿ ಮೀನಾಕ್ಷಿಯ ಎದೆ ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮದಕರಿಪುರದ ಶಾಲೆಯಲ್ಲಿ ಟೀಚರ್ ಆದಾಗಿನಿಂದ ಅವಳು ಬಾಡಿಗೆ ಕೋಣೆಗಳನ್ನು ಬದಲಾಯಿಸುತ್ತಲೇ ಇದ್ದಳು. ಎಲ್ಲಿ ಹೋದರೂ ಕಾಲೂರಲು ಮನಸ್ಸಿಲ್ಲ. ಈ ಮನೆಯೊಳಗೆ ಕಾಲಿಟ್ಟಾಗಲೇ ಮೊದಲ ಸಲ ಉಸಿರು ನೆಟ್ಟಗಾಗಿತ್ತು, ಆ ಹೊತ್ತಿಗೇ ಈ ಮಹಾಶಯ ಟೇಪು ಹಿಡಿದು ಬರಬೇಕೆ?

"ನಾನು ಜುಂಜೇಶ್," ಎಂದ ಅವನು. "ಬಿ.ದುರ್ಗದ ದನದ ಆಸ್ಪತ್ರೆಯಾಗೆ ಕೆಲಸ. ನಮ್ಮೂರು ಹರಿಯಬ್ಬೆ ಹತ್ರ."

ಜುಂಜೇಶ್... ಹೆಸರು ಕೇಳಿದ್ದೇ ಅವಳ ತಮಾಷೆಯೆಲ್ಲ ಆರಿಹೋಯಿತು. ಆ ಹೆಸರು ತಮ್ಮವರದು. ತಮ್ಮ ಜುಂಜಪ್ಪ ದೇವರದು. ಇವನೂ ಕುರಿ ಕಾಯುವ ಗೊಲ್ಲರ ಹಟ್ಟಿಯಿಂದಲೇ ಬಂದವನು, ತನ್ನ ಹಾಗೆ.

ಯಾವ ಹಟ್ಟಿಯಿಂದ ಓಡಿಬಂದಿದ್ದಳೋ ಆ ಹಟ್ಟಿಯೇ ಟೇಪು ಹಿಡಿದು ಎದುರು ನಿಂತಂತೆ ಅವಳಿಗೆ ತೋರಿತು.

ಹಟ್ಟಿಯ ಮೇಲೆ ಅವಳಿಗೆ ದ್ವೇಷವೇನೂ ಇರಲಿಲ್ಲ. ಹೊಸದುರ್ಗದ ಕಡೆಯ ತಮ್ಮ ಹಟ್ಟಿಯ ಕುರಿಹಾಲು, ಅಪ್ಪ ಎತ್ತಪ್ಪನ ಕಂಬಳಿಯ ಬಿಸುಪು, ಎಲ್ಲವೂ ಬೇಕು. ಬೇಡವಾದದ್ದು ಒಂದೇ. ತಿಂಗಳ ಆ ದಿನಗಳಲ್ಲಿ ಹೆಣ್ಣುಮಕ್ಕಳು ಹಟ್ಟಿಯ ಬೇಲಿಯಾಚೆ ಕೂರಬೇಕು. ಹತ್ತನೇ ತರಗತಿಯ ಪರೀಕ್ಷೆಗೆ ಅವಳು ಓದಿದ್ದು ಹುಣಸೆಮರದ ಕೆಳಗೆ, ತಟ್ಟೆಯನ್ನು ದೂರದಿಂದ ತಳ್ಳಿ ಹೋಗುವ ಅಮ್ಮನ ಕಡೆ ನೋಡದೆ. ಪಟ್ಟಣಕ್ಕೆ ಬಂದ ಮೇಲೆ ಒಳಗೇ ಇರುತ್ತಿದ್ದಳು, ನಿಜ. ಆದರೆ ಕದ್ದು. ಊರಿನವರು ಯಾರಾದರೂ ಬಂದರೆ ಸುಳ್ಳು ಹೇಳಿ, ಎದೆ ಡವಡವ ಎನ್ನಿಸಿಕೊಂಡು.

ತನ್ನವರಿಗೆ ಹೆದರದೆ ಎಲ್ಲ ದಿನವೂ ಒಳಗೇ ಇರಬಹುದಾದ ಒಂದು ಮನೆ. ಅವಳು ಹುಡುಕುತ್ತಿದ್ದದ್ದು ಅಷ್ಟೇ.

ಏಕಾಂತಮ್ಮ ಇಬ್ಬರಲ್ಲಿ ಯಾರಿಗೂ ಹೂಂ ಎನ್ನಲಿಲ್ಲ. ಯೋಚಿಸಿ ಹೇಳುತ್ತೇನೆ, ಮುಂದಿನ ಭಾನುವಾರ ಬನ್ನಿ ಎಂದರು. ಮುಂದಿನ ಭಾನುವಾರ ಬಂದಾಗ ಅದರ ಮುಂದಿನ ಭಾನುವಾರ ಎಂದರು. ಆ ಮುದುಕಿಯ ತಂತ್ರ ನಿಮಗೆ ಆಗಲೇ ಅರ್ಥವಾಗಿರುತ್ತದೆ, ಅವರಿಬ್ಬರಿಗೆ ಆಗಲು ಮಳೆಗಾಲ ಬರಬೇಕಾಯಿತು.

ಅಷ್ಟರಲ್ಲಿ ಮೀನಾಕ್ಷಿಗೆ ಶನಿವಾರವೇ ನಿದ್ದೆ ಕೆಡಲು ಶುರುವಾಗಿತ್ತು. ಅವನು ತಡವಾಗಿ ಬಂದರೆ ಸಿಟ್ಟು, ಬೇಗ ಬಂದರೆ ತಾನು ತಡವಾದೆನಲ್ಲ ಎಂಬ ಸಿಟ್ಟು. ಮನೆಯ ಬಗ್ಗೆ ಜಗಳವಾಡುತ್ತಾ ಆಡುತ್ತಾ ಕಿಟಕಿ ಎಲ್ಲಿರಬೇಕು, ಪುಸ್ತಕದ ಕಪಾಟು ಎಲ್ಲಿರಬೇಕು ಎಂದು ಇಬ್ಬರೂ ಒಂದೇ ಮನೆಯನ್ನು ಜೋಡಿಸತೊಡಗಿದ್ದರು.

"ಇಬ್ಬರಿಗೂ ಕೂಡೇ ಕೊಡ್ತೀನಿ. ಒಪ್ಪಿಗೆಯಿದ್ರೆ ತಗಳ್ರಿ, ಇಲ್ಲಾಂದ್ರೆ ಹೋಗ್ರಿ," ಎಂದುಬಿಟ್ಟರು ಏಕಾಂತಮ್ಮ ಒಂದು ದಿನ.

ಜುಂಜೇಶ್ ತಲೆ ತಗ್ಗಿಸಿ ನಕ್ಕ. ಮೀನಾಕ್ಷಿ ನಗಲಿಲ್ಲ. ಅವನನ್ನು ಅಂಗಳಕ್ಕೆ ಕರೆದಳು.

"ನನ್ನದು ಒಂದೇ ಮಾತೈತೆ," ಎಂದಳು. "ನಾನು ಹೊರಗೆ ಕೂರಲ್ಲ. ಒಂದು ದಿನಾನೂ."

ಅವನು ಕೈಯಲ್ಲಿದ್ದ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ, "ಕೂರಬೇಡ್ರಿ ಟೀಚರ್," ಎಂದ.

ಅಷ್ಟೇ ಮಾತು. ಅದನ್ನು ನಂಬಿ ಅವಳು ಮದುವೆಗೆ ಒಪ್ಪಿದಳು, ಇಬ್ಬರ ಹೆಸರಿಗೂ ಮನೆ ಬರೆಸಿದ್ದಾಯಿತು, ಏಕಾಂತಮ್ಮ ಆಶೀರ್ವಾದ ಮಾಡಿ ದಾವಣಗೆರೆಯ ಬಸ್ಸು ಹತ್ತಿದರು. ಎರಡೂ ಕಡೆಯ ಹಿರಿಯರು ಕಾರ್ತಿಕದಲ್ಲಿ ಮದುವೆ ಎಂದು ನಿಶ್ಚಯಿಸಿದರು. ಮದುವೆಯಾದ ಮೇಲೆ ಜುಂಜೇಶನ ತಾಯಿ ನಾಗಕ್ಕನೂ ಮಗನ ಜೊತೆಗೇ ಇರುವುದೆಂದು ಮಾತಾಗಿತ್ತು. ಹಟ್ಟಿಯಲ್ಲಿ ಮನೆದೇವರ ಪೆಟ್ಟಿಗೆಗೆ ದಿನಾ ದೀಪ ಹಚ್ಚುವ ಮಡಿಯ ಹೆಂಗಸು ಆಕೆ.

ಆ ಸುದ್ದಿ ಕೇಳಿದಾಗಿನಿಂದ ಮೀನಾಕ್ಷಿಗೆ ಮತ್ತೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ದಸರಾ ರಜೆ ಶುರುವಾದ ದಿನ ಅವಳು ಯಾರಿಗೂ ಹೇಳದೆ ಹೊಸ ಮನೆಗೆ ಹೋದಳು. ಹಿತ್ತಲಲ್ಲಿ ಇಟ್ಟಿಗೆ, ಸಿಮೆಂಟು. ಕಾಂಪೌಂಡಿಗೆ ಅಂಟಿಕೊಂಡು ಒಂದು ಪುಟ್ಟ ಕೋಣೆ ಎದ್ದು ನಿಂತಿತ್ತು. ಮನೆಯಿಂದ ದೂರ, ಅದಕ್ಕೆ ಬೇರೆ ಬಾಗಿಲು, ಬೇರೆ ನಲ್ಲಿ, ಬೇರೆ ಬಚ್ಚಲು.

ಗೋಡೆಗೆ ಗಾರೆ ಬಳಿಯುತ್ತಿದ್ದ ಮೇಸ್ತ್ರಿ ಜಂಪಣ್ಣನನ್ನು ಇದೇನೆಂದು ಕೇಳಿದಳು.

ಅವನು ಸಂಕೋಚದಿಂದ ಕರಣೆಯನ್ನೇ ನೋಡುತ್ತಾ ಹೇಳಿದ. "ಹೆಂಗಸ್ರ ಆ ಮೂರು ದಿನ ಐತಲ್ಲ ತಾಯಿ, ಆಗ ಹೊರಗಿರಾಕೆ. ಮದುವೆಗೆ ಮುಂಚೆ ಮುಗೀಬೇಕು ಅಂದವ್ರೆ ಸಾಹೇಬ್ರು."

ಮೀನಾಕ್ಷಿ ಆ ಬೇರೆ ನಲ್ಲಿಯನ್ನೇ ನೋಡಿದಳು. ಕೂರಬೇಡ್ರಿ ಅಂದಿದ್ದನಲ್ಲ... ಹುಣಸೆಮರದ ಬದಲು ಸಿಮೆಂಟಿನ ಗೂಡು ಕೊಟ್ಟರೆ ಸಾಕು ಅಂದುಕೊಂಡನೇ? ನಲ್ಲಿ ಹಾಕಿಸಿದರೆ ಅದು ಹೊರಗಲ್ಲವೇ?

ಅವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವನು ಮೆಲ್ಲಗೆ ಏನೋ ಸಮಾಧಾನ ಹೇಳುತ್ತಾನೆ, ತಾನು ಅದನ್ನು ನಂಬಿಬಿಡುತ್ತೇನೆ. ತನ್ನ ಮೇಲೇ ಅವಳಿಗೆ ಅಷ್ಟು ಭಯ. ಊರಿಗೆ ಹೋಗಿ ಅಪ್ಪನ ಬಾಯಿಂದ ಹೇಳಿಕಳಿಸಿದಳು, ಹುಡುಗಿಗೆ ಮನಸ್ಸಿಲ್ಲವಂತೆ ಎಂದು. ಯಾಕೆಂದು ಅಪ್ಪನಿಗೂ ಹೇಳಲಿಲ್ಲ.

ಅವಳು ರಜೆ ಮುಗಿಸಿ ಬಂದ ಮೇಲೆ ಜುಂಜೇಶ್ ಅವಳ ಬಾಡಿಗೆ ಕೋಣೆಗೆ ಬಂದ. ಬಾಗಿಲು ಬಡಿದ. ಅವಳು ಒಳಗೆ ಚಿಲಕ ಹಿಡಿದು ನಿಂತಳು. ಏನು ತಪ್ಪಾಯಿತು ಅಂತಾದರೂ ಹೇಳಿ ಎಂದು ಅವನು ಕೇಳಿಕೊಂಡ. ಅವನ ಹೆಜ್ಜೆ ಸದ್ದು ದೂರವಾದ ಮೇಲೆ ಬಾಗಿಲಿಗೆ ಹಣೆ ಒತ್ತಿಕೊಂಡು ಅತ್ತಳು. ಅವನು ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಆ ಗೂಡಿನಲ್ಲಿ ಕೂತರೂ ಸರಿಯೇನೋ ಎಂದು ಒಂದು ಕ್ಷಣ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಇನ್ನಷ್ಟು ಅಳು ಬಂತು.

ಕೊನೆಗೆ, ತನ್ನ ಹತ್ತಿರವಿದ್ದ ಹೊಸ ಮನೆಯ ಬೀಗದ ಕೈ ಹಿಂದಿರುಗಿಸಿಬಿಡೋಣ ಎಂದು ನಿರ್ಧರಿಸಿದಳು. ಅವನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ ಹೊರಟಳು. ಅಂದು ಬೆಳಿಗ್ಗೆಯೇ ಅವಳಿಗೆ ಹೊಟ್ಟೆನೋವು ಶುರುವಾಗಿತ್ತು. ಅದೇ ದಿನ ಆಗಬೇಕೇ ಎಂದು ಹಲ್ಲು ಕಚ್ಚಿಕೊಂಡಳು.

ಗೇಟು ತೆರೆದರೆ ಹಿತ್ತಲಿನಲ್ಲಿ ಯಾರೋ ಗುಡಿಸುವ ಸದ್ದು. ಹೋಗಿ ನೋಡಿದಳು. ಆ ಪುಟ್ಟ ಕೋಣೆಯ ಮುಂದೆ ನಾಗಕ್ಕ! ಒಳಗೆ ಕಂಬಳಿ ಹಾಸಿತ್ತು. ಮೂಲೆಯಲ್ಲಿ ದೇವರ ಪೆಟ್ಟಿಗೆ, ಮುಂದೆ ದೀಪ.

"ಬಂದ್ಯೇನವ್ವ?" ಎಂದಳು ನಾಗಕ್ಕ, ಪೊರಕೆ ಕೆಳಗಿಟ್ಟು. "ಮದುವೆ ಬ್ಯಾಡ ಅಂದ್ಯಂತಲ್ಲ. ನನ್ನ ಮಗ ಉಣ್ಣದು ಬಿಟ್ಟವ್ನೆ."

ಮೀನಾಕ್ಷಿ ಕೋಣೆಯ ಕಡೆ ಕೈ ತೋರಿದಳು. "ಇದ್ರಾಗೆ ನಾನು ಕೂರಲ್ಲ ಅತ್ತೆ."

"ನೀನ್ಯಾಕೆ ಕೂರ್ತೀಯ? ಇದು ನಂದು."

ನಾಗಕ್ಕ ಹೊಸ್ತಿಲ ಮೇಲೆ ಕೂತು ಕಥೆ ಬಿಚ್ಚಿದಳು. ಸೊಸೆ ಹೊರಗೆ ಕೂರುವುದಿಲ್ಲ ಎಂದು ಮಗ ಹೇಳಿದಾಗ ತಾನು ಹಟ್ಟಿಯೇ ಹಾರಿಹೋಗುವಂತೆ ಜಗಳವಾಡಿದೆ ಎಂದಳು. ಅಂಥ ದಿನ ಅದೇ ಸೂರಿನ ಕೆಳಗೆ ದೇವರನ್ನಿಟ್ಟುಕೊಂಡು ತಾನು ಇರಲಾರೆ ಎಂದಿದ್ದಳಂತೆ. ಅದಕ್ಕೆ ಮಗ ಎದುರು ಮಾತಾಡಲಿಲ್ಲವಂತೆ, ಇಟ್ಟಿಗೆ ತರಿಸಿದನಂತೆ.

"ಅವಳು ಹೊರಗೆ ಬರಲ್ಲ ಅವ್ವ, ಆ ಮೂರು ದಿನ ನೀನೇ ಹೊರಗಿರು ಅಂದ. ಹೆತ್ತ ತಾಯಿಗೆ!" ನಾಗಕ್ಕನ ಮುಖದಲ್ಲಿ ಸಿಟ್ಟೋ ಹೆಮ್ಮೆಯೋ ತಿಳಿಯುವಂತಿರಲಿಲ್ಲ. "ಒಪ್ಪಕೆ ನಂಗೆ ಮೊನ್ನೆ ತನಕ ಬೇಕಾತು, ಅವನು ಅನ್ನ ಬಿಟ್ಟದ್ದು ಕಂಡ ಮ್ಯಾಲೇ ಒಪ್ಪಿದ್ದು. ದೇವ್ರನ್ನೂ ಕರ್ಕಂಡು ಬಂದೀನಿ. ಆತ ಗುಡ್ಲಾಗೆ ಇದ್ದೋನು, ಆತಗೇನೂ ಬ್ಯಾಸರಿಲ್ಲ."

ಮೀನಾಕ್ಷಿ ಅಲ್ಲೇ ಕೂತುಬಿಟ್ಟಳು. ವಾರಗಟ್ಟಲೆ ಕುದಿದದ್ದೆಲ್ಲ ಕಣ್ಣಿನಿಂದ ಇಳಿಯತೊಡಗಿತು.

ಆಗಲೇ ಮೋಟರ್‌ಬೈಕಿನ ಸದ್ದು. ತಾಯಿಗೆಂದು ರಜೆ ಹಾಕಿ ಹಾಲು ತರಲು ಹೋಗಿದ್ದ ಜುಂಜೇಶ್, ಅವಳನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟ. ಗಡ್ಡ ಬೆಳೆದಿತ್ತು, ಕಣ್ಣು ಒಳಗಿಳಿದಿದ್ದವು.

"ಯಾಕೆ ಹೇಳಲಿಲ್ಲ ನಂಗೆ?" ಎಂದಳು ಅವಳು.

"ಅವ್ವ ಒಪ್ಪಿರಲಿಲ್ಲ. ಆಸೆ ತೋರ್ಸಿ ಕೈಬಿಟ್ಟಂಗೆ ಆಗಬಾರ್ದು ಅಂತ..." ಅವನು ಹಾಲಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನೀವ್ಯಾಕೆ ಕೇಳಲಿಲ್ಲ?"

"ನಂಬಿಬಿಡ್ತೀನಿ ಅಂತ ಹೆದರಿದೆ."

ಬಿಸಿಲು ಏರುತ್ತಿತ್ತು. ಮೀನಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಸುಳ್ಳು ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು. ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇನ್ನು ಕದ್ದು ಬದುಕುವುದು ಬೇಡವೆನಿಸಿತು.

"ಅತ್ತೆ, ನಂಗೆ ಇವತ್ತೇ ಆಗೈತೆ."

ನಾಗಕ್ಕನ ಕೈ ತಾನಾಗಿಯೇ ಸೆರಗನ್ನು ಹತ್ತಿರ ಎಳೆದುಕೊಂಡಿತು. ಮೀನಾಕ್ಷಿ ಅದನ್ನು ನೋಡಿದಳು. ನಾಗಕ್ಕನಿಗೂ ಅವಳು ನೋಡಿದ್ದು ಗೊತ್ತಾಯಿತು. ಮುದುಕಿ ಹೊಸ್ತಿಲಿಂದ ಎದ್ದು ಕೋಣೆಯ ಒಳಗೆ ಹೋದಳು, ಕಂಬಳಿಯ ಮೇಲೆ ದೇವರ ಪಕ್ಕ ಕೂತಳು.

"ಬಿಸ್ಲಾಗೆ ನಿಲ್ಲಬ್ಯಾಡ ಕಣವ್ವ," ಎಂದಳು ಅಲ್ಲಿಂದಲೇ. "ಒಳಗೆ ಹೋಗು."

ತನ್ನವರ ಬಾಯಿಂದ ಅವಳು ಇಂಥ ದಿನ ಆ ಮಾತು ಕೇಳಿರಲೇ ಇಲ್ಲ. ಮುಂಬಾಗಿಲವರೆಗೆ ನಡೆದು ಬಂದವಳಿಗೆ ಕಾಲು ಏಳಲಿಲ್ಲ. ಹಳೆಯ ಭಯ, ಹೇಳದೆ ಕೇಳದೆ ಬಂದು ಹಿಡಿದುಕೊಂಡಿತ್ತು. ಅವಳಿಗಿಂತ ಮುಂಚೆ ಒಳಗೆ ಹೋಗಿದ್ದ ಜುಂಜೇಶ್, ಒಂದು ಕೈಯಲ್ಲಿ ಹಾಲಿನ ಪೊಟ್ಟಣ ಹಿಡಿದು, ಇನ್ನೊಂದು ಕೈ ಚಾಚಿದ.

"ಮುಟ್ಟಿದ್ರೆ ನಡೀತೈತಾ?" ಎಂದಳು ಮೆಲ್ಲಗೆ.

"ಮೀನಾಕ್ಷಿ..." ಮೊದಲ ಸಲ ಅವಳ ಹೆಸರು ಹಿಡಿದು ಕರೆದ. "ಬಾ."

ಅವಳು ಅವನ ಕೈ ಹಿಡಿದು ಒಳಗೆ ಕಾಲಿಟ್ಟಳು.

"ಅವ್ವ ನಿನ್ನ ಕೈಯಾಗಿಂದು ಏನೂ ಕುಡಿಯಲ್ಲ, ಮೂರು ದಿನ," ಎಂದ ಅವನು, ಕೈ ಬಿಡದೆಯೇ. "ಒಲೆ ಹಚ್ಚದು ನಾನೇ. ನಂಗೆ ಕಾಫಿ ಬಿಟ್ಟು ಏನೂ ಬರಲ್ಲ."

"ಮೂರು ದಿನಾನೂ ಬರೀ ಕಾಫಿನಾ?"

"ಕಲೀತೀನಿ. ನೀನು ಕುಂತ್ಕಂಡು ಹೇಳಿಕೊಡು."

ಅವಳು ನಡುಮನೆಯ ಮಧ್ಯದಲ್ಲಿ, ತಣ್ಣನೆಯ ನೆಲದ ಮೇಲೆ, ಕಾಲು ಚಾಚಿಕೊಂಡು ಕೂತಳು. "ಸರಿ," ಎಂದಳು. "ಮೊದಲ ಕಾಫಿ ಅತ್ತೆಗೆ ಕೊಟ್ಟು ಬನ್ನಿ."